ನಲವತ್ತೇಳು ವರ್ಷದ ಮಗುವಿನ ಪೋಷಕರ ಸಹಿ

ವಿದ್ಯಾರ್ಥಿ ಪ್ರೋತ್ಸಾಹ ಮತ್ತು ಬೆಂಬಲ ಅಧಿಕಾರಿಗಳ ಸನ್ನಿಧಿಗೆ,
ವಯಸ್ಕರ ಸಂಜೆ ವೃತ್ತಿ ತರಬೇತಿ ಕೇಂದ್ರ,
ಎರಡನೇ ಮಹಡಿ, ಲಿಫ್ಟ್ ಕೆಟ್ಟು ನಿಂತಿರುವ ಕಟ್ಟಡ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಮೇಜಿನ ಮೇಲಿರುವ ಬಂಗಾರದ ಬಣ್ಣದ ನಕ್ಷತ್ರಗಳ ಡಬ್ಬಿ ಇನ್ನೂ ಖಾಲಿಯಾಗಿಲ್ಲವೆಂದೂ ನಂಬಿ, ಬಾಯಿಯ ಮೇಲಿಟ್ಟ ಬೆರಳನ್ನು ತಮ್ಮ ಅಪ್ಪಣೆಗೆ ಕಾಯದೆ ತೆಗೆದು, ಅದೇ ಬೆರಳುಗಳಲ್ಲಿ ಪೆನ್ನು ಹಿಡಿದು ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ. ತಮಗೊಬ್ಬರಿಗೇ ಗುಟ್ಟಾಗಿ ಕೊಡಬೇಕಾದ ಪತ್ರವನ್ನು ಎಲ್ಲರೂ ಓದುವಂತೆ ಸೂಚನಾ ಫಲಕಕ್ಕೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಓದಿನ ವಿಚಾರವನ್ನು ತಾವು ನಮ್ಮ ಬೀದಿಗೆಲ್ಲ ಕೇಳುವಂತೆ ಸಾರಿದ್ದೀರಿ. ಆ ಮರ್ಯಾದೆಯನ್ನು ತಿರುಗಿ ಸಲ್ಲಿಸದಿದ್ದರೆ ಉಪಕಾರ ಸ್ಮರಣೆ ಇಲ್ಲದವಳು ಎನ್ನಿಸಿಕೊಳ್ಳುತ್ತೇನೆ.

ಮೊದಲು ನನ್ನ ಪರಿಚಯ. ತಮ್ಮ ದಾಖಲೆಯಲ್ಲಿ ನಾನು 'ಫ್ರಿಜ್ ಮತ್ತು ವಾಷಿಂಗ್ ಮಷೀನ್ ದುರಸ್ತಿ, ಸಂಜೆ ತಂಡ, ಎರಡನೇ ಸಾಲು, ಮಾತು ಜಾಸ್ತಿ' ಎಂದಿದ್ದೇನೆ. ಅದಕ್ಕೆ ಮುಂಚೆ ಸುಮಾರು ಇಪ್ಪತ್ತು ವರ್ಷ ಒಂದು ಸಿನಿಮಾ ಮಂದಿರದ ಟಿಕೆಟ್ ಕಿಂಡಿಯ ಹಿಂದೆ ಕೂತಿದ್ದೆ. ಆ ಕಿಂಡಿ ಎಷ್ಟು ಸಣ್ಣದೆಂದರೆ ಊರಿನವರೆಲ್ಲ ನನಗೆ ಬರೀ ಕೈಗಳಾಗಿ ಪರಿಚಯ. ಹೊಸದಾಗಿ ಮದುವೆಯಾದವರ ಕೈ, ಶಾಲೆ ತಪ್ಪಿಸಿ ಬಂದವರ ಕೈ, ಮನೆಯಲ್ಲಿ ಜಗಳವಾಡಿ ಒಬ್ಬರೇ ಸಿನಿಮಾ ನೋಡಲು ಬಂದವರ ಕೈ, ಎಲ್ಲವನ್ನೂ ಮುಖ ನೋಡದೆ ಗುರುತು ಹಿಡಿಯುತ್ತಿದ್ದೆ. ಒಂದು ದಿನ ಮಂದಿರ ಮುಚ್ಚಿತು, ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಕೇಳಿಹೋಗಿದ್ದಾರೆ. ವಾಷಿಂಗ್ ಮಷೀನಿನ ಬೆನ್ನಿಗೂ ಗೋಡೆಗೂ ನಡುವಿನ ಗೇಣಗಲದ ಸಂದಿಯಲ್ಲಿ ನಲವತ್ತೇಳನೇ ವಯಸ್ಸಿನ ನಾನು ಬಗ್ಗುವುದನ್ನು ಅವರು ನೋಡಿರಲಿಲ್ಲ, ಅಷ್ಟೇ.

ಈ ಕೋರ್ಸಿಗೆ ಸೇರಿದ ಕಾರಣ ಸರಳ. ಮನೆಮನೆಗೆ ಹೋಗಿ ಯಂತ್ರ ರಿಪೇರಿ ಮಾಡಿಕೊಡುವ ಒಂದು ಕಂಪನಿಗೆ ಹೆಂಗಸರು ಬೇಕಾಗಿದ್ದಾರೆ. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವ ಗೃಹಿಣಿಯರು, ಬಾಣಂತಿಯರು, ವಯಸ್ಸಾದವರು ಗುರುತು ಪರಿಚಯವಿಲ್ಲದ ಗಂಡಸಿಗೆ ಬಾಗಿಲು ತೆಗೆಯಲು ಅಳುಕುತ್ತಾರಂತೆ. ಆ ಕಂಪನಿಯ ಮ್ಯಾನೇಜರಮ್ಮ ನಮ್ಮ ತರಗತಿಗೇ ಬಂದು, ಈ ಸಲದ ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸಾದ ಹೆಂಗಸರನ್ನು ಕೂಡಲೇ ಕೆಲಸಕ್ಕೆ ಸೇರಿಸಿಕೊಳ್ಳುತ್ತೇವೆ, ಮುಂದಿನ ಸಲದ ಮಾತು ಈಗಲೇ ಕೊಡಲಾಗದು ಎಂದು ಹೇಳಿ ಹೋದರು. ನಮ್ಮ ತಂಡದಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಆ ಪರೀಕ್ಷೆಗೆ ಕೂರುವುದು ನನ್ನ ಪಾಲಿಗೆ ಏನೆಂಬುದನ್ನು ತಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳಿಬಿಡುತ್ತೇನೆ: ನನಗೆ ಆ ಕೆಲಸ ಬೇಕು. ಕಿಂಡಿಯ ಹಿಂದೆ ಕೂತದ್ದು ಸಾಕಾಗಿದೆ, ಇನ್ನು ಜನರ ಮನೆಗಳಿಗೆ ಬಾಗಿಲಿನಿಂದ ಹೋಗಬೇಕೆಂಬ ಆಸೆಯಿದೆ.

ತಾವು ಬರುವ ಮುಂಚೆ ನಮ್ಮ ತರಗತಿಯಲ್ಲಿ ಪ್ರೋತ್ಸಾಹವೂ ಇರಲಿಲ್ಲ, ಬೆಂಬಲವೂ ಇರಲಿಲ್ಲ; ಒಬ್ಬ ಮೇಷ್ಟ್ರು ಮತ್ತು ಹೊಟ್ಟೆ ಬಿಚ್ಚಿದ ನಾಲ್ಕಾರು ಯಂತ್ರಗಳು ಮಾತ್ರ ಇದ್ದವು. ಮೇಷ್ಟ್ರ ಮಾತು ಕಡಿಮೆ, ನಗು ಇನ್ನೂ ಕಡಿಮೆ. ತಪ್ಪು ಮಾಡಿದರೆ 'ಇನ್ನೊಂದ್ಸಲ ಬಿಚ್ರೀ' ಎನ್ನುತ್ತಿದ್ದರು, ಸರಿ ಮಾಡಿದರೆ ಏನೂ ಅನ್ನುತ್ತಿರಲಿಲ್ಲ. ನಾವೋ, ಒಬ್ಬರಂತೆ ಒಬ್ಬರಿಲ್ಲ. ನಿವೃತ್ತ ಬಸ್ ಚಾಲಕರೊಬ್ಬರು, ಎಲ್ಲರಿಗೂ ಡ್ರೈವರಣ್ಣ; ಶೀತಲ ಗೋದಾಮಿಗೆ ರಾತ್ರಿ ಪಾಳಿಯ ಕಾವಲಿಗೆ ಹೋಗುವ ಇನ್ನೊಬ್ಬರು; ಅಕ್ಷರ ಸರಿಯಾಗಿ ಬಾರದವರು, ಅಕ್ಷರ ಬಂದೂ ಕನ್ನಡಕ ಮರೆತು ಬರುವವರು. ಕಾವಲಿನವರು ಕೆಲಸಕ್ಕೆ ಹೋಗುವ ಮೊದಲು ತರಗತಿಗೆ ಬಂದು, ನಡುವೆ ಗೋಡೆಗೊರಗಿ ಒಂದಿಷ್ಟು ಹೊತ್ತು ಕಣ್ಣು ಮುಚ್ಚುತ್ತಿದ್ದರು. ಮೇಷ್ಟ್ರು ಆಗ ಸ್ವಲ್ಪ ದನಿ ತಗ್ಗಿಸುತ್ತಿದ್ದರು. ಅವರು ಎದ್ದ ಮೇಲೆ ಡ್ರೈವರಣ್ಣ ಪಕ್ಕಕ್ಕೆ ಕೂತು, ತಪ್ಪಿಹೋದ ಪಾಠವನ್ನು ನಿಲ್ದಾಣಗಳ ಹೆಸರು ಕೂಗಿದ ಹಾಗೆ ಒಂದೊಂದಾಗಿ ಹೇಳುತ್ತಿದ್ದರು. ಇದಕ್ಕೆ ಬೆಂಬಲ ಎಂಬ ಹೆಸರಿದೆಯೆಂದು ನಮಗೆ ಗೊತ್ತಿರಲಿಲ್ಲ, ಆದ್ದರಿಂದ ಅದನ್ನು ತಾವು ಬಂದು ನಿಲ್ಲಿಸಿದಾಗ ಯಾವ ಹೆಸರು ಹಿಡಿದು ಜಗಳವಾಡಬೇಕೆಂಬುದೂ ತಿಳಿಯಲಿಲ್ಲ.

ತಾವು ಇದಕ್ಕೆ ಮುಂಚೆ ಮಕ್ಕಳ ಶಾಲೆಯೊಂದರಲ್ಲಿ ಹೆಸರು ಮಾಡಿದವರು. ವಯಸ್ಕರು ಕೋರ್ಸನ್ನು ಅರ್ಧಕ್ಕೆ ಬಿಡುತ್ತಾರೆಂದು ಕೇಂದ್ರದವರು ಚಿಂತೆಗೆ ಬಿದ್ದು ತಮ್ಮನ್ನು ಕರೆತಂದರು. ತಾವು ಬರುವಾಗ ಆ ಶಾಲೆಯ ಪದ್ಧತಿಗಳನ್ನೆಲ್ಲ ಒಂದೂ ಬೀಳದ ಹಾಗೆ ಹೊತ್ತು ತಂದಿರಿ. ಮೊದಲ ದಿನವೇ ನಮ್ಮನ್ನು ವೃತ್ತಾಕಾರದಲ್ಲಿ ನಿಲ್ಲಿಸಿ, ಚೆಂಡು ಎಸೆದು, ಹಿಡಿದವರೆಲ್ಲ ತಮಗಿಷ್ಟವಾದ ಪ್ರಾಣಿಯ ಹೆಸರು ಹೇಳಬೇಕೆಂದಿರಿ. ಸಂಕೋಚ ಹೋಗಲೆಂದು ಆಡಿಸಿದ ಆ ಆಟದಿಂದ ನಮ್ಮಲ್ಲಿ ಅಲ್ಲಿಯವರೆಗೆ ಇಲ್ಲದ ಸಂಕೋಚವೂ ಹುಟ್ಟಿಕೊಂಡಿತು. 'ದೊಡ್ಡವನಾದ ಮೇಲೆ ನಾನು ಏನಾಗುವೆ' ಎಂಬ ವಿಷಯಕ್ಕೆ ಚಿತ್ರ ಬರೆಯಿರೆಂದಾಗ ಡ್ರೈವರಣ್ಣ ಹಾಳೆಯನ್ನು ಖಾಲಿ ಬಿಟ್ಟು, 'ತಾತ ಆಗಿದ್ದೇನೆ' ಎಂದು ಕೆಳಗೆ ಬರೆದುಕೊಟ್ಟರು. ತಾವು ಬೇಸರಿಸದೆ ಅದಕ್ಕೂ ಒಂದು ನಕ್ಷತ್ರ ಅಂಟಿಸಿದ್ದು ತಮ್ಮ ದೊಡ್ಡ ಗುಣ. ಶೌಚಾಲಯಕ್ಕೆ ಹೋಗುವವರು ಕೈಯಲ್ಲಿ ಹಿಡಿದು ಹೋಗಬೇಕಾದ ಹಲಗೆ, ಗದ್ದಲವಾದಾಗ ಬಾಯಿಯ ಮೇಲೆ ಬೆರಳು, ನಗುವ ಮುಖ ಮತ್ತು ಅಳುವ ಮುಖದ ಪಟ, ಹೀಗೆ ಒಂದೊಂದಾಗಿ ನಮ್ಮ ಬಾಳು ಸುಧಾರಿಸುತ್ತ ಬಂತು. ಇವೆಲ್ಲವನ್ನೂ ನಾವು ನಕ್ಕು ಸಹಿಸಿಕೊಂಡೆವು, ತಾವು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದೀರೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆಮೇಲೆ ಪೋಷಕರ ನಿಯಮ ಬಂತು.

ಓದುವವರ ಹಿಂದೆ ಕುಟುಂಬ ನಿಂತರೆ ಓದು ನಿಲ್ಲುವುದಿಲ್ಲ ಎಂದು ತಾವು ವಿವರಿಸಿದಿರಿ. ಮಾತೇನೋ ಸರಿಯೇ. ಅದಕ್ಕಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬ ಪೋಷಕರ ಹೆಸರು ಕೊಡಬೇಕು, ಆ ಪೋಷಕರು ಅದೇ ಮನೆಯಲ್ಲಿ ಸದಾ ವಾಸವಿರುವ ಹಿರಿಯರಾಗಿರಬೇಕು, ಹಿರಿಯರಿಲ್ಲದಿದ್ದರೆ ಇರುವವರಲ್ಲಿ ಯಾರಾದರೂ ಆಗಬೇಕು, ಕೊನೆಯ ಪರೀಕ್ಷೆಗೆ ಕೂರಲು ಅವರ ಒಪ್ಪಿಗೆಯ ಸಹಿ ಬೇಕು ಎಂದು ಆಜ್ಞೆಯಾಯಿತು. ನನ್ನ ಗಂಡ ದೂರದೂರಿನ ಲಾರಿ ಓಡಿಸುತ್ತಾರೆ, ಮನೆಗಿಂತ ಹೆದ್ದಾರಿಯಲ್ಲೇ ಅವರ ವಾಸ. ಆದ್ದರಿಂದ ಅವರು ಲೆಕ್ಕಕ್ಕೆ ಬರಲಿಲ್ಲ. ಉಳಿದವರು ಯಾರು? ನಮ್ಮ ಅತ್ತೆಯವರು. ತಮ್ಮ ಗುಮಾಸ್ತರು ಪೋಷಕರ ಜಾಗದಲ್ಲಿ ಅವರ ಹೆಸರು ತುಂಬಿಸಿಕೊಂಡರು, ನಾನು ಬಾಯಿ ತೆರೆಯುವಷ್ಟರಲ್ಲಿ ಮೊಹರು ಬಿದ್ದಾಗಿತ್ತು.

ಮಾನ್ಯರೇ, ನಮ್ಮ ಅತ್ತೆಯವರ ವಿಷಯ ತಮಗೆ ತಿಳಿಯದು. ಒಂದು ಕಾಲಕ್ಕೆ ಅಡುಗೆಮನೆಯ ಉಪ್ಪಿನ ಡಬ್ಬಿಯಿಂದ ಹಿಡಿದು ನನ್ನ ಜಡೆಯ ಉದ್ದದವರೆಗೆ ಎಲ್ಲವೂ ಅವರ ಆಡಳಿತಕ್ಕೆ ಸೇರಿತ್ತು. ಮಂಡಿನೋವು ಶುರುವಾಗಿ ಕುರ್ಚಿ ಹಿಡಿದ ಮೇಲೆ ಆ ಅಧಿಕಾರ ಸದ್ದಿಲ್ಲದೆ ನನ್ನ ಕೈಗೆ ಜಾರಿತು. ನಾನು ದುರಸ್ತಿ ಕಲಿಯಲು ಹೊರಟಾಗ ಅವರು ಮೂಗು ಮುರಿದರು. ಹೆಂಗಸು ಸ್ಕ್ರೂಡ್ರೈವರ್ ಹಿಡಿದು ಕಂಡವರ ಮನೆಗೆ ಹೋಗುವುದೆಂದರೇನು, ಕರೆಂಟು ಹೊಡೆದರೆ ಯಾರು ಹೊಣೆ, ಸಂಜೆ ಬಿಸಿನೀರು ಕಾಯಿಸಿ ಕೊಡುವವರು ಯಾರು ಎಂದು ಗೊಣಗಿದರು. ಗೊಣಗುವುದಕ್ಕಿಂತ ಹೆಚ್ಚಿನ ಅಧಿಕಾರ ಅವರ ಕೈಯಲ್ಲಿ ಇರಲಿಲ್ಲ, ಅದನ್ನು ಅವರೂ ಬಲ್ಲರು, ನಾನೂ ಬಲ್ಲೆ. ಇಂಥ ಹೊತ್ತಿನಲ್ಲಿ ತಾವು ಅವರನ್ನು ನನ್ನ ಪೋಷಕರ ಪದವಿಗೆ ಏರಿಸಿದಿರಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ.

ಮರುದಿನದಿಂದಲೇ ಅವರ ಫೋನಿಗೆ ತಮ್ಮ ಯಂತ್ರದ ಧ್ವನಿ ಬರತೊಡಗಿತು. ಅತ್ತೆಯವರಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಫೋನು ಯಾವಾಗಲೂ ಲೌಡ್ ಸ್ಪೀಕರಿನಲ್ಲೇ ಇರುತ್ತದೆ. ಸಾಲದೆಂಬಂತೆ ಅವರು ಯಾವಾಗಲೂ ಬೀದಿಯ ಕಡೆಯ ಜಗುಲಿಯಲ್ಲೇ ಕೂರುತ್ತಾರೆ. 'ನಮಸ್ಕಾರ ಪೋಷಕರೇ, ನಿಮ್ಮ ಮಗು ಇಂದು ತರಗತಿಗೆ ತಡವಾಗಿ ಬಂದಿದೆ' ಎಂದು ಆ ಧ್ವನಿ ಮುದ್ದುಮುದ್ದಾಗಿ ಹೇಳಿದಾಗ ಎದುರು ಮನೆಯವರು ಕಿಟಕಿ ತೆರೆದರು, ಪಕ್ಕದ ಮನೆಯವರು ಟಿವಿಯ ಸದ್ದು ತಗ್ಗಿಸಿದರು. ಮಗು ತಡವಾದದ್ದು ಪೋಷಕರ ಮಂಡಿಗೆ ಎಣ್ಣೆ ತಿಕ್ಕುತ್ತ ಕೂತದ್ದರಿಂದ ಎಂಬ ವಿವರವನ್ನು ಸೇರಿಸುವ ಸೌಲಭ್ಯ ತಮ್ಮ ಯಂತ್ರಕ್ಕೆ ಇದ್ದಂತಿಲ್ಲ. ನಾನು ತರಕಾರಿ ತರಲು ಹೊರಟರೆ ಅಂಗಡಿಯವರು, ಏನಮ್ಮಾ, ಇವತ್ತು ಹೋಂವರ್ಕ್ ಆಯ್ತಾ ಎಂದು ಕೇಳುವ ಮಟ್ಟಕ್ಕೆ ನನ್ನ ಕೀರ್ತಿ ಬೆಳೆಯಿತು. ಗಂಡನಿಗೆ ಫೋನು ಮಾಡಿ ಅಳಲು ತೋಡಿಕೊಂಡರೆ, ಲಾರಿಯ ಸದ್ದಿನ ನಡುವಿನಿಂದ ಅವರು, ಅಮ್ಮ ಹೇಳಿದ ಹಾಗೆ ಕೇಳು, ಇಲ್ಲಿ ಸಿಗ್ನಲ್ ಇಲ್ಲ ಎಂದರು.

ಪರೀಕ್ಷೆಯ ಒಪ್ಪಿಗೆ ಪತ್ರ ಮನೆಗೆ ಬಂದ ದಿನದಿಂದ ಅತ್ತೆಯವರ ಗತ್ತೇ ಬದಲಾಯಿತು. ಪತ್ರವನ್ನು ಓದಿಸಿ ಕೇಳಿದರು, ಮಡಚಿದರು, ತಲೆದಿಂಬಿನ ಕೆಳಗೆ ಇಟ್ಟುಕೊಂಡರು. ಸಹಿ ಕೇಳಿದಾಗಲೆಲ್ಲ 'ನೋಡೋಣ' ಎನ್ನುವರು. ನಮ್ಮ ಮನೆಯಲ್ಲಿ 'ನೋಡೋಣ' ಎಂದರೆ ಇಲ್ಲ ಎಂದಲ್ಲ, ಹೌದು ಎಂದೂ ಅಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿ ಕೂರಿಸುವುದು ಎಂದು ಅರ್ಥ. ಫ್ಯಾನಿನ ಕೆಳಗಿನ ಜಾಗ ಅವರದಾಯಿತು, ಟಿವಿಯ ರಿಮೋಟ್ ಅವರದಾಯಿತು, ಚಹಾ ಒಂದು ಸಲ ಬಿಸಿ ಹೆಚ್ಚಾಯಿತು, ಒಂದು ಸಲ ಕಡಿಮೆಯಾಯಿತು, ಸರಿಹೋಗಲೇ ಇಲ್ಲ. ಇಷ್ಟು ವರ್ಷ ಎಷ್ಟೋ ಸಾವಿರ ಜನರಿಗೆ ಟಿಕೆಟ್ ಕೊಟ್ಟ ಈ ಕೈಗೆ ಒಂದು ಹಾಲ್ ಟಿಕೆಟ್ ಸಿಗಲು ಅತ್ತೆಯ ದಿಂಬಿನ ಕೆಳಗೆ ಕಣ್ಣಿಟ್ಟು ಕಾಯಬೇಕಾಯಿತು. ಇದರಿಂದ ಕುಟುಂಬದ ಪಾಲ್ಗೊಳ್ಳುವಿಕೆ ಬೆಳೆಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಈ ನಡುವೆ ಕಾವಲಿನವರು ತರಗತಿಗೆ ಬರುವುದು ನಿಂತಿತು. ಅವರ ಮನೆಯಲ್ಲಿ ಹಿರಿಯರೆಂದರೆ ಅವರೇ. ಆದ್ದರಿಂದ ತಮ್ಮ ನಿಯಮದ ಪ್ರಕಾರ ಅವರ ತಮ್ಮನೇ ಅವರಿಗೆ ಪೋಷಕನಾದ. ಆ ತಮ್ಮನನ್ನು ಓದಿಸಿ, ಕೆಲಸಕ್ಕೆ ಹಚ್ಚಿ, ಮದುವೆ ಮಾಡಿಸಿದವರು ಇವರು. ಒಂದು ದಿನ ತರಗತಿ ಮುಗಿಸಿ ಬಂದು, ಪಾಳಿಗೆ ಹೊರಡುವ ಮುಂಚೆ ಇವರು ಮನೆಮಂದಿಯೊಂದಿಗೆ ಊಟಕ್ಕೆ ಕೂತಿದ್ದಾಗ ತಮ್ಮನ ಫೋನು, 'ನಿಮ್ಮ ಮಗು ಇಂದು ತರಗತಿಯಲ್ಲಿ ನಿದ್ದೆ ಮಾಡಿದೆ' ಎಂದಿತು. ಅವರು ಯಾಕೆ ಬರುತ್ತಿಲ್ಲವೆಂದು ಕೇಳಲು ನಾನು ಆ ಗೋದಾಮಿನ ಗೇಟಿಗೇ ಹೋಗಿದ್ದೆ. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಅವರು ಹೇಳಿದ ಮಾತು ಇಷ್ಟು: "ಮಕ್ಕಳು ನಕ್ಕರು ಅಕ್ಕಾ, ಅದೇನು ದೊಡ್ಡದಲ್ಲ. ತಮ್ಮ ನಗಲಿಲ್ಲ, ತಲೆ ತಗ್ಗಿಸಿಬಿಟ್ಟ. ಅದು ನನ್ನ ಕೈಲಿ ನೋಡೋಕಾಗಲಿಲ್ಲ." ಮಾನ್ಯರೇ, ನನಗೆ ತಮ್ಮ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಅಂದು. ಅಲ್ಲಿಯವರೆಗಿನದು ಬರೀ ತಮಾಷೆ. ವಯಸ್ಕರು ಓದನ್ನು ಅರ್ಧಕ್ಕೆ ಬಿಡುವುದು ಹೇಗೆಂದು ಕೇಂದ್ರದವರಿಗೆ ಇನ್ನೂ ಅರ್ಥವಾಗದಿದ್ದರೆ, ತಾವು ಈ ಒಂದು ಉದಾಹರಣೆಯನ್ನು ಅವರ ಗಮನಕ್ಕೆ ತರಬಹುದು.

ಇನ್ನು ಪೋಷಕರ ಸಭೆಯ ವಿಚಾರ. ಸಹಿ ಹಾಕದ ಪೋಷಕರೆಲ್ಲ ಖುದ್ದಾಗಿ ಬಂದು ತಮ್ಮನ್ನು ಕಾಣಬೇಕೆಂದು ತಾವು ಬರೆದಿರಿ. ಅತ್ತೆಯವರು ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ತೆಗೆಸಿದರು. ಲಿಫ್ಟ್ ಕೆಟ್ಟಿದೆಯೆಂದು ಎಷ್ಟು ಹೇಳಿದರೂ ಕೇಳದೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ನನ್ನ ಹೆಸರು ಹಿಡಿದು ಬೈದುಕೊಂಡು ಎರಡು ಮಹಡಿ ಹತ್ತಿದರು. ತಾವು ಅವರನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, 'ಮಗುವಿನ ಬಗ್ಗೆ ಮನೆಯಲ್ಲಿ ಏನಾದರೂ ಸಮಸ್ಯೆ ಇದೆಯಾ, ಮನಸ್ಸು ಬಿಚ್ಚಿ ಹೇಳಿ' ಎಂದಿರಿ. ಮಾನ್ಯರೇ, ನಮ್ಮ ಅತ್ತೆಯವರಿಗೆ ಇಂಥ ಪ್ರಶ್ನೆಯನ್ನು ಈ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಅಷ್ಟು ವರ್ಷದ ಬಾಕಿಯೆಲ್ಲ ಹೊರಗೆ ಬಂತು. ಎದುರು ಮಾತಾಡುತ್ತಾಳೆ, ಸಾರಿಗೆ ಉಪ್ಪು ಹೆಚ್ಚು ಹಾಕುತ್ತಾಳೆ, ಒದ್ದೆ ಟವೆಲು ಮಂಚದ ಮೇಲೆ ಎಸೆಯುತ್ತಾಳೆ, ಫೋನಿನಲ್ಲಿ ನಗುತ್ತಾಳೆ, ನಮ್ಮ ಹಳೆಯ ಗ್ರೈಂಡರು ಬಿಚ್ಚಿ ಮತ್ತೆ ಜೋಡಿಸಿದ್ದಾಳೆ, ಅದು ಈಗ ಮೊದಲಿಗಿಂತ ಚೆನ್ನಾಗಿ ತಿರುಗುತ್ತದೆ, ಆದರೆ ಕೇಳದೆ ಬಿಚ್ಚಿದ್ದು ಯಾಕೆ? ತಾವು ಒಂದನ್ನೂ ಬಿಡದೆ ಬರೆದುಕೊಂಡಿರಿ. ಅವರ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಯಾವ ಹಬ್ಬದ ದಿನವೂ ಕಂಡದ್ದಿಲ್ಲ.

ಬರೆದುಕೊಂಡದ್ದನ್ನೆಲ್ಲ ಓದಿ ನೋಡಿ, ತಲೆಯಾಡಿಸಿ, ತಾವು ಮೇಜಿನ ಖಾನೆಯಿಂದ ಇನ್ನೊಂದು ಹಾಳೆ ತೆಗೆದಿರಿ. ಮನೆಯಲ್ಲಿ ಇಷ್ಟೊಂದು ಒತ್ತಡವಿರುವ ವಿದ್ಯಾರ್ಥಿಗೆ ದುರಸ್ತಿಯಂಥ ಗಟ್ಟಿ ವಿಷಯ ಭಾರವಾಗುತ್ತದೆ, ಆದ್ದರಿಂದ ಈಗಲೇ ಹೂಗುಚ್ಛ ಕಟ್ಟುವ ಮತ್ತು ಉಡುಗೊರೆ ಸುತ್ತುವ ತರಗತಿಗೆ ವರ್ಗ ಮಾಡಿಬಿಡೋಣ, ಅಲ್ಲಿ ಇದುವರೆಗೆ ಒಬ್ಬರೂ ಫೇಲಾದದ್ದಿಲ್ಲ, ಯಾಕೆಂದರೆ ಅಲ್ಲಿ ಪರೀಕ್ಷೆಯೇ ಇಲ್ಲ ಎಂದು ವಿವರಿಸಿದಿರಿ. ಪೋಷಕರ ಒಂದು ಸಹಿ ಸಾಕೆಂದು ಪೆನ್ನನ್ನೂ ಮುಂದೆ ನೂಕಿದಿರಿ. ಅತ್ತೆಯವರು ಪೆನ್ನಿನ ಮುಚ್ಚಳ ತೆಗೆದರು. ಆ ಗಳಿಗೆಯಲ್ಲಿ ನಾನು ತಮ್ಮನ್ನೂ ಅತ್ತೆಯವರನ್ನೂ ಸಮನಾಗಿ ದ್ವೇಷಿಸಿದೆ, ಬಾಯಿ ಬಿಟ್ಟರೆ ಅಳು ಬರುತ್ತದೆಂದು ತಾವು ಕಲಿಸಿದಂತೆ ಬಾಯಿಯ ಮೇಲೆ ಬೆರಳಿಟ್ಟುಕೊಂಡು ನಿಂತೆ.

ಅತ್ತೆಯವರು ತಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ಹೂ ಕಟ್ಟುವುದು ಕಲಿತರೆ ಯಾವ ಕಂಪನಿಯವರು ಕೆಲಸ ಕೊಡುತ್ತಾರೆ? ತಾವು ನಕ್ಕು, ಕೆಲಸ ಅಂತಲ್ಲಮ್ಮಾ, ಈ ವಯಸ್ಸಿನಲ್ಲಿ ಮನಸ್ಸಿಗೆ ಒಂದು ಚಟುವಟಿಕೆ ಎಂದಿರಿ. ಅವರು ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿ, ಹಾಳೆಯ ಮೇಲೆ ಅಡ್ಡಡ್ಡ ಇಟ್ಟು ಹೇಳಿದ ಮಾತನ್ನು ತಾವು ಬರೆದುಕೊಳ್ಳಲಿಲ್ಲವಾದ್ದರಿಂದ ನಾನು ಇಲ್ಲಿ ಬರೆಯುತ್ತಿದ್ದೇನೆ.

"ನಾನು ಇವಳ ಮೇಲೆ ದೂರು ಹೇಳೋಕೆ ಬಂದಿದ್ದೀನಪ್ಪಾ, ಇವಳನ್ನ ಬಿಡಿಸೋಕೆ ಬಂದಿಲ್ಲ. ಅದು ಬೇರೆ, ಇದು ಬೇರೆ."

ತಮ್ಮ ಮುಖ ಆಗ ಹೇಗಾಯಿತೆಂದರೆ, ಪಟದ ಮೇಲಿನ ನಗುವ ಮುಖಕ್ಕೂ ಅಳುವ ಮುಖಕ್ಕೂ ನಡುವೆ ಇನ್ನೊಂದು ಮುಖ ಬೇಕಾಗಿದೆಯೆಂದು ನನಗೆ ಅನ್ನಿಸಿತು. ಇವಳು ಮಾಡುವ ಕೆಲಸ ಏನೆಂದು ಕಣ್ಣಾರೆ ನೋಡದೆ ಯಾವ ಕಾಗದಕ್ಕೂ ಸಹಿ ಇಲ್ಲವೆಂದು ಅತ್ತೆಯವರು ಎದ್ದೇಬಿಟ್ಟರು. ತಾವು ಮುಂದೆ, ಅವರು ನಡುವೆ, ನಾನು ಹಿಂದೆ ಕಾರ್ಯಾಗಾರಕ್ಕೆ ನಡೆದೆವು. ಮೇಷ್ಟ್ರು ಒಂದು ಸ್ಟೂಲು ಎಳೆದು ಅತ್ತೆಯವರಿಗೆ ಕೊಟ್ಟರು, ನೀರು ಹೊರಗೆ ಬಿಡದೆ ಸತಾಯಿಸುತ್ತಿದ್ದ ಒಂದು ವಾಷಿಂಗ್ ಮಷೀನನ್ನು ನನಗೆ ತೋರಿಸಿದರು. ನಾನು ಪ್ಲಗ್ಗು ಕಿತ್ತೆ, ಹಿಂಬದಿಯ ತಗಡು ಬಿಚ್ಚಿದೆ, ಪಂಪಿನ ಬಾಯಿಗೆ ಸಿಕ್ಕಿಕೊಂಡಿದ್ದ ಯಾರದೋ ಮಗುವಿನ ಕಾಲುಚೀಲವನ್ನು ಎಳೆದು ತೆಗೆದೆ, ಪ್ಲಗ್ಗು ಮತ್ತೆ ಸಿಕ್ಕಿಸಿ ನೀರು ಬಿಟ್ಟು ಓಡಿಸಿ ನೋಡಿದೆ, ತಗಡು ಮುಚ್ಚಿದೆ. ಅಷ್ಟು ಹೊತ್ತೂ ಅತ್ತೆಯವರು ನನ್ನ ಕೈಗಳ ಮೇಲಿನ ಕಣ್ಣು ತೆಗೆಯಲಿಲ್ಲ. ಕೈ ಒರೆಸಿಕೊಂಡು, ಆಯಿತು ಎಂದೆ.

ಅತ್ತೆಯವರು ಬಲಗಾಲಿನ ಚಪ್ಪಲಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಕೆಳಗೆ ಒಂದು ಸ್ಕ್ರೂ ಇತ್ತು. ಬಿಚ್ಚುವಾಗ ಉರುಳಿ ಹೋದದ್ದನ್ನು ಕಾಲಿನಲ್ಲಿ ಒತ್ತಿಟ್ಟುಕೊಂಡು, ನಾನು ನೆನಪು ಮಾಡಿಕೊಳ್ಳುತ್ತೇನೋ ಇಲ್ಲವೋ ಎಂದು ಕಾದಿದ್ದರು. ಮೇಷ್ಟ್ರು ನಕ್ಕರು. ಅವರಿಗೆ ಹಲ್ಲುಗಳಿವೆಯೆಂಬುದು ನಮ್ಮ ತಂಡಕ್ಕೆ ಅಂದೇ ತಿಳಿದದ್ದು. ನಾನು ನಾಚಿಕೊಂಡು ಆ ಸ್ಕ್ರೂ ಹಾಕಿದ ಮೇಲೆ, ಅತ್ತೆಯವರು ಸೊಂಟಕ್ಕೆ ಸಿಕ್ಕಿಸಿ ತಂದಿದ್ದ ಒಪ್ಪಿಗೆ ಪತ್ರವನ್ನು ಮಷೀನಿನ ಮುಚ್ಚಳದ ಮೇಲೆ ಹರಡಿ, ಒಂದೊಂದೇ ಅಕ್ಷರ ಕೆತ್ತಿದ ಹಾಗೆ ಸಹಿ ಹಾಕಿದರು. ಮನೆಗೆ ಹೋಗುವ ದಾರಿಯಲ್ಲಿ ಹೊಗಳುತ್ತಾರೇನೋ ಎಂದು ಕಾದೆ. ಆ ತಗಡಿನ ಮೇಲೆ ಧೂಳಿತ್ತು, ಒರೆಸಬಾರದಿತ್ತೇ ಎಂದರು. ಅದಕ್ಕಿಂತ ಹೆಚ್ಚಿನದನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ಹೀಗೆ ನನ್ನ ಹಾಲ್ ಟಿಕೆಟ್ ಬಂದಿದೆ, ಪರೀಕ್ಷೆ ಇದೇ ವಾರದ ಕೊನೆಗೆ. ತಮ್ಮ ನಿಯಮ ಇಲ್ಲದಿದ್ದರೆ ನಮ್ಮ ಅತ್ತೆಯವರು ನನ್ನ ಕೆಲಸವನ್ನು ನೋಡುತ್ತಲೇ ಇರಲಿಲ್ಲ ಎಂದು ತಾವು ಈಗ ಸಂತೋಷಪಡುತ್ತಿರಬಹುದು. ದಯವಿಟ್ಟು ಪಡಬೇಡಿ. ಕುರುಡನ ಕಲ್ಲು ಒಂದು ಸಲ ಮಾವಿನಕಾಯಿಗೆ ತಾಗಿದರೆ, ಅವನ ಕೈಗೆ ಇನ್ನಷ್ಟು ಕಲ್ಲು ಕೊಡಬಾರದು. ಅವರು ಆ ಹಾಳೆಗೆ ಸಹಿ ಹಾಕಿಬಿಟ್ಟಿದ್ದರೆ ನಾನು ಈ ಹೊತ್ತು ಬಣ್ಣದ ಕಾಗದಕ್ಕೆ ಅಂಟು ಬಳಿಯುತ್ತ ಕೂತಿರುತ್ತಿದ್ದೆ, ಮನಸ್ಸಿಗೆ ಚಟುವಟಿಕೆಯಾಗಲೆಂದು.

ಆದರೂ ಇಷ್ಟು ಫಲ ಕೊಟ್ಟ ಪದ್ಧತಿಯನ್ನು ನಮ್ಮಂಥ ಬಡಪಾಯಿಗಳಿಗೆ ಮಾತ್ರ ಮೀಸಲಿಡುವುದು ಅನ್ಯಾಯವೆಂದು ನನ್ನ ನಮ್ರ ಅಭಿಪ್ರಾಯ. ಈ ಕಟ್ಟಡದ ಮಾಲೀಕರ ಪೋಷಕರನ್ನು ಕರೆಸಿ, ನಿಮ್ಮ ಮಗು ಲಿಫ್ಟ್ ಸರಿಮಾಡಿಸಿಲ್ಲ ಎಂದು ಲೌಡ್ ಸ್ಪೀಕರಿನಲ್ಲಿ ತಿಳಿಸಬೇಕಾಗಿ ಕೋರುತ್ತೇನೆ. ಕೇಂದ್ರದ ನಿರ್ದೇಶಕರು ಸಭೆಯಲ್ಲಿ ತೂ‍ಕಡಿಸಿದರೆ ಅವರ ಮನೆಗೂ ಅದೇ ಮುದ್ದು ಧ್ವನಿ ಹೋಗಲಿ. ತಾವು ಆಗಾಗ ಹಲಗೆಯಿಲ್ಲದೆ ಶೌಚಾಲಯಕ್ಕೆ ಹೋಗುವುದನ್ನು ಡ್ರೈವರಣ್ಣ ಗಮನಿಸಿದ್ದಾರೆ. ತಮ್ಮ ತಾಯಿಯವರ ಫೋನ್ ನಂಬರನ್ನು ಕಚೇರಿಯಲ್ಲಿ ಕೊಟ್ಟಿರಬೇಕಾಗಿ ವಿನಂತಿ. ಎರಡು ಮಹಡಿ ಹತ್ತಿದ್ದಕ್ಕೆ ಅತ್ತೆಯವರಿಗೆ ಎರಡು ನಕ್ಷತ್ರ ಬರಬೇಕಾಗಿದೆ, ಅದನ್ನು ಅವರು ದಿನಕ್ಕೊಮ್ಮೆ ನೆನಪಿಸುತ್ತಿದ್ದಾರೆ.

ಇಷ್ಟು ಹೊತ್ತು ಕೇಳಿದ್ದು ಯಾವುದೂ ಆಗದ ಮಾತು ಎಂದು ನನಗೂ ಗೊತ್ತು. ಆಗಬಹುದಾದ ಮಾತು ಎರಡೇ ಇವೆ. ಒಂದು, ವಯಸ್ಕರಿಗೆ ಪೋಷಕರೆಂಬ ಈ ನಿಯಮವನ್ನು ಇಂದೇ ರದ್ದು ಮಾಡಿ. ಇನ್ನೊಂದು, ಕಾವಲಿನವರನ್ನು ಮರಳಿ ಕರೆಯಿರಿ. ಯಂತ್ರದ ಕೈಲಿ ಹೇಳಿಸದೆ, ತಾವೇ ಆ ಗೋದಾಮಿನ ಗೇಟಿಗೆ ಹೋಗಿ, ಅವರನ್ನು ಬಹುವಚನದಲ್ಲಿ ಮಾತಾಡಿಸಿ, ತಪ್ಪಾಯಿತು ಬನ್ನಿ ಎನ್ನಿ. ಅವರ ಪಾಠ ಹಿಂದೆ ಬಿದ್ದಿದೆಯೆಂಬ ಚಿಂತೆ ತಮಗೆ ಬೇಡ, ಡ್ರೈವರಣ್ಣ ದಿನವೂ ಗೇಟಿಗೆ ಹೋಗಿ ಹೇಳಿಬರುತ್ತಿದ್ದಾರೆ. ಗೋಡೆಯ ಪಕ್ಕದ ಅವರ ಜಾಗದಲ್ಲಿ ನಾವು ಯಾರನ್ನೂ ಕೂರಿಸಿಲ್ಲ. ತಾವು ನಿಜವಾಗಿ ಒಳ್ಳೆಯ ಮನಸ್ಸಿನವರೆಂದು ನಾನು ಮೇಲೆ ಬರೆದದ್ದು ಅಣಕವಲ್ಲ. ಅದನ್ನು ಸುಳ್ಳು ಮಾಡಬೇಡಿ.

ತಪ್ಪು ಬರೆದಿದ್ದರೆ ನನ್ನ ಪೋಷಕರಿಗೆ ತಿಳಿಸದೆ ನನಗೇ ತಿಳಿಸಬೇಕೆಂದು ಕೋರುತ್ತ,

ತಮ್ಮ ವಿಶ್ವಾಸಿ,
ಎರಡನೇ ಸಾಲಿನ, ಮಾತು ಜಾಸ್ತಿಯಾದ, ನಲವತ್ತೇಳು ವರ್ಷದ ಮಗು

ಮರೆತ ಮಾತು: ಈ ಪತ್ರವನ್ನು ಮಡಚುವ ಹೊತ್ತಿಗೆ ನಮ್ಮ ಅತ್ತೆಯವರು, ಕೂತು ಮಾಡುವ ಕೆಲಸವಾದರೆ ನಾನೂ ಕಲಿಯುತ್ತೇನೆ ಎಂದು ಹೇಳಿ, ಇಸ್ತ್ರಿಪೆಟ್ಟಿಗೆ ಮತ್ತು ಫ್ಯಾನು ದುರಸ್ತಿಯ ಮುಂದಿನ ತಂಡಕ್ಕೆ ಅರ್ಜಿ ತುಂಬಿಸಿದ್ದಾರೆ. ಅದೇ ಮನೆಯಲ್ಲಿ ಸದಾ ವಾಸವಿರುವವಳು ನಾನೊಬ್ಬಳೇ ಆದ್ದರಿಂದ ಪೋಷಕರ ಜಾಗದಲ್ಲಿ ನನ್ನ ಹೆಸರಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸಹಿ ಕೇಳಿದರು, 'ನೋಡೋಣ' ಎಂದಿದ್ದೇನೆ. ಆದ್ದರಿಂದ ಮೇಲೆ ಹೇಳಿದ ನಿಯಮವನ್ನು ಇಂದೇ ರದ್ದು ಮಾಡಬೇಕೆಂಬ ಕೋರಿಕೆಯನ್ನು ನಮ್ಮ ಮನೆಯೊಂದರ ಮಟ್ಟಿಗೆ ಒಂದು ವರ್ಷ ಮುಂದೂಡಬೇಕಾಗಿಯೂ, ನಾಳೆಯಿಂದಲೇ ತಮ್ಮ ಯಂತ್ರದ ಧ್ವನಿಯನ್ನು ನನ್ನ ಫೋನಿಗೆ ತಿರುಗಿಸಬೇಕಾಗಿಯೂ ಕಳಕಳಿಯಿಂದ ಪ್ರಾರ್ಥಿಸುತ್ತೇನೆ.